ಹೊತ್ತು ದಂಡಿಗೆ ಹತ್ತಿತು

ನಮ್ಮ ಮನೆಯಲ್ಲಿ ಆಡಬಾರದ ಮಾತು ಎಂದರೆ ಒಂದೇ ಒಂದು. ಬೈಗುಳಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ರೊಟ್ಟಿ ಬಡಿಯುತ್ತ ಬೈಯಲು ಶುರುಮಾಡಿದರೆ ಕಾಗಿಣಾ ಹೊಳೆಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆಗಳೂ ಕತ್ತೆತ್ತಿ ನೋಡುತ್ತಿದ್ದವು. ಸಾವು, ಹೆಣ, ಸುಡುಗಾಡು ಎಲ್ಲವೂ ಉಣ್ಣುವ ಹೊತ್ತಿನ ಮಾತುಗಳೇ. ಆದರೆ ‘ಮುಳುಗು’ ಎಂಬುದನ್ನು ಮಾತ್ರ ಯಾರೂ ಬಾಯಿಗೆ ತರುವಂತಿರಲಿಲ್ಲ. ನಾವು ಅಂಬಿಗರು. ಸೇಡಂ ಕಡೆಯಿಂದ ಚಿತ್ತಾಪುರದ ಕಡೆಗೆ ಹೋಗುವವರು ಮಳೆಗಾಲದಲ್ಲಿ ನಮ್ಮ ಹರಗೋಲನ್ನೇ ಹತ್ತಬೇಕಿತ್ತು. ಆ ಮಾತು ಆಡಿದರೆ ಹೊಳೆ ಕೇಳಿಸಿಕೊಳ್ಳುತ್ತದೆ ಎಂಬುದು ಆಯಿಯ ನಂಬಿಕೆ. ಆದ್ದರಿಂದ ನಮ್ಮಲ್ಲಿ ಕೊಡ ನೀರು ಕುಡಿಯುತ್ತಿತ್ತು, ರೊಟ್ಟಿ ಸಾರಿನಲ್ಲಿ ತೋಯುತ್ತಿತ್ತು. ನನ್ನ ಮುತ್ಯಾನನ್ನು, ಆಯಿಯ ಗಂಡನನ್ನು, ಹೊಳೆ ಕರಕೊಂಡಿತ್ತು. ಸಂಜೆಯಾದರೆ ಊರಿಗೆಲ್ಲ ಹೊತ್ತು ಮುಳುಗುತ್ತಿತ್ತು, ನಮ್ಮ ಮನೆಗೆ ಹೊತ್ತು ದಂಡಿಗೆ, ಅಂದರೆ ದಂಡೆಗೆ, ಹತ್ತುತ್ತಿತ್ತು. ಒಮ್ಮೆ ದೂರದ ಸಂಬಂಧಿ ಹೆಂಗಸೊಬ್ಬಳು ಬಂದು, ಪಡಸಾಲೆಯಲ್ಲಿ ಕುಸಿದು ಕೂತು, ತನ್ನ ಸಂಸಾರ ಮುಳುಗಿಹೋಯಿತೆಂದು ಗೋಳಾಡಿದಳು. ಆಯಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊಳೆಗೆ ನಡೆಸಿಕೊಂಡು ಹೋದಳು.

“ಮದ್ಲು ಹೊಳಿ ನೀರಿಲೆ ಬಾಯಿ ಮುಕ್ಕಳಿಸು. ಅಳೂದು ಆಮ್ಯಾಲ ಅಳು.”

ಮನೆಯೆಂದರೆ ದೊಡ್ಡದೇನಲ್ಲ. ಗೋಡೆಯೂ ಕಲ್ಲು, ನೆಲವೂ ಕಲ್ಲು, ಮೇಲಿನ ಹೊದಿಕೆಯೂ ಶಹಾಬಾದಿನ ಫರ್ಸಿ ಕಲ್ಲು. ಒಳಗೆ ಅಡುಗೆಯ ಕೋಣೆ, ಹೊರಗೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತ ಹುಟ್ಟುಗಳು. ಇಡೀ ಮನೆಗೆ ಹರಗೋಲಿನ ಚರ್ಮಕ್ಕೆ ಸವರುವ ಎಣ್ಣೆಯ ವಾಸನೆ. ಆ ವಾಸನೆಯಲ್ಲೇ ಪುಂಡಿಪಲ್ಯ ಬೇಯುತ್ತಿತ್ತು, ಆ ವಾಸನೆಯಲ್ಲೇ ನಾವು ಮಲಗಿ ಏಳುತ್ತಿದ್ದೆವು. ತೊಳೆದ ಪಾತ್ರೆಯನ್ನು ಎಲ್ಲರ ಮನೆಯಲ್ಲಿ ನೀರು ಬಸಿಯಲೆಂದು ಡಬ್ಬ, ಅಂದರೆ ಬೋರಲು, ಹಾಕುತ್ತಾರೆ. ನಮ್ಮಲ್ಲಿ ಅದೂ ನಿಷಿದ್ಧ. ಡಬ್ಬ ಬೀಳುವ ಹಕ್ಕು ಇದ್ದದ್ದು ಅಂಗಳದ ಬೇವಿನ ಮರದಡಿ ಒಣಗುವ ಹರಗೋಲಿಗೆ ಮಾತ್ರ. ಹೊಳೆ ದಾಟಲು ಕಾಯುವವರೆಲ್ಲ ನಮ್ಮ ಪಡಸಾಲೆಯಲ್ಲೇ ಕೂಡುತ್ತಿದ್ದರು. ಹಣೆಗೆ ವಿಭೂತಿ ಬಳಿದ ವ್ಯಾಪಾರಿಗಳು, ಉರುಸಿಗೆ ಹೊರಟ ಬುರಖಾದ ಹೆಂಗಸರು, ತೊಗರಿ ಚೀಲ ಹೊತ್ತ ರೈತರು. ಹರಗೋಲಿಗೆ ಕಾಲಿಡುವ ಮುನ್ನ ಎಲ್ಲರೂ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಎರಡೂ ದಂಡೆಯ ಊರುಗಳು ಸುಗ್ಗಿಯಲ್ಲಿ ನಮಗೆ ಜೋಳ ಅಳೆಯುತ್ತಿದ್ದವು, ಅದಕ್ಕೆ ಪ್ರತಿಯಾಗಿ ನಮ್ಮದೊಂದು ಕಟ್ಟಳೆ: ಆಚೆ ದಂಡೆಯಿಂದ ಯಾರೇ ಕೂಗಲಿ, ಉಣ್ಣುವ ಗಂಗಾಳ ಬಿಟ್ಟಾದರೂ ಎದ್ದು ಹೋಗಬೇಕು. ಅಪ್ಪ ಹೀಗೆ ಅರ್ಧಕ್ಕೆ ಬಿಟ್ಟ ರೊಟ್ಟಿಗಳನ್ನು ತಿಂದೇ ನಾನು ಬೆಳೆದೆ. ನನಗೆ ಭೀಮವ್ವ ಎಂದು ಹೆಸರಿಟ್ಟದ್ದೂ ಹೊಳೆಯ ಲೆಕ್ಕದಲ್ಲೇ, ಕಾಗಿಣಾ ಹೋಗಿ ಕೂಡುವುದು ಭೀಮೆಗೆ. ಹೊಳೆ ನಮ್ಮ ಹಿತ್ತಲಲ್ಲಿತ್ತು ಎಂದು ನಾನು ಬರೆದರೆ ತಪ್ಪಾಗುತ್ತದೆ. ನಾವೇ ಅದರ ಹಿತ್ತಲಲ್ಲಿದ್ದೆವು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಯಾರೂ ಕೈಗಿಟ್ಟು ಹೋದದ್ದಲ್ಲ. ಆ ಓದು ಶುರುವಾದದ್ದೂ, ಶುರುವಾದಲ್ಲೇ ನಿಂತುಹೋದದ್ದೂ ಊರ ಚಾವಡಿಯ ಕಟ್ಟೆಯ ಮೇಲೆ. ಅದು ನಿಜಾಮರ ರಾಜ್ಯ, ಸಾಲಿಯೆಂದರೆ ಉರ್ದು ಶಾಲೆ. ಮಾಸ್ತರ ಸಾಹೇಬರು ಶಹಾಬಾದ್ ಕಡೆಯವರು. ಉರ್ದು ವಾಕ್ಯ ಹೇಳಿ ಅದನ್ನು ಕನ್ನಡದಲ್ಲಿ ಹೇಳಿಸುತ್ತಿದ್ದರು. ನನ್ನನ್ನು ಅಪ್ಪನೇ ಕರೆದೊಯ್ದು ಕೂರಿಸಿ ಇನ್ನೂ ಮಳೆಗಾಲ ಹಿಡಿದಿರಲಿಲ್ಲ. ಒಂದು ದಿನ ಮಾಸ್ತರರು ‘ಸೂರಜ್ ಡೂಬ್ ಗಯಾ’ ಎಂದು ಹೇಳಿ ನನ್ನತ್ತ ಬೆರಳು ತೋರಿದರು. ಅರ್ಥ ನನಗೆ ಗೊತ್ತಿತ್ತು. ಎದ್ದು ನಿಂತು ಗಟ್ಟಿಯಾಗಿ ‘ಹೊತ್ತು ದಂಡಿಗೆ ಹತ್ತಿತು’ ಎಂದೆ. ಕಟ್ಟೆಯೆಲ್ಲ ನಕ್ಕಿತು. ಮಾಸ್ತರರೂ ನಕ್ಕರು.

“ಯಾಕವ್ವಾ, ಸೂರಜ್ ಏನು ನಿಮ್ಮಪ್ಪನ ಹರಗೋಲಿನಾಗ ಕುಂತು ಬರ್ತಾನೇನು?”

ಹೊತ್ತು ಮುಳುಗಿತು ಎನ್ನಬೇಕೆಂದು ಅವರು ತಿದ್ದಿದರು. ಹುಡುಗರು ದಾರಿಯುದ್ದಕ್ಕೂ ‘ದಂಡಿ ಭೀಮಿ’ ಎಂದು ಕೂಗುತ್ತ ಬಂದರು. ನಾನು ಮನೆಗೆ ಬಂದವಳೇ ಒಲೆಯ ಮುಂದಿದ್ದ ಆಯಿಗೆ, ಹೊತ್ತು ದಂಡಿಗೆ ಹತ್ತುವುದಿಲ್ಲವಂತೆ, ಮುಳುಗುತ್ತದಂತೆ ಎಂದುಬಿಟ್ಟೆ. ಹಿಟ್ಟಿನ ಕೈ ಕೆನ್ನೆಗೆ ಬಿತ್ತು. ಕೆನ್ನೆಯ ಮೇಲೆ ಮೆತ್ತಿದ ಜೋಳದ ಹಿಟ್ಟು ಒಣಗಿ ಬಿಗಿಯುವವರೆಗೆ ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಸಂಜೆ ಆಯಿಗೂ ಅಪ್ಪನಿಗೂ ನಡೆದ ಜಗಳ ನನಗೆ ಈಗಲೂ ಕೇಳಿಸುತ್ತದೆ.

“ನಾಳಿಲಿಂದ ಸಾಲಿ ಇಲ್ಲ. ಇಂಥಾ ಮಾತು ಕಲಸ್ಲಾಕ ಸಾಲಿ ಬೇಕಾ?”

“ಯವ್ವಾ, ತಾಲೂಕು ಕಚೇರ್ಯಾಗ ನಾ ಎಮ್ಮಿ ನಿಂತಾಂಗ ನಿಂದರ್ತೀನಿ. ಅವರು ಏನಂತಾರ ತಿಳೀವಲ್ದು. ಮನ್ಯಾಗ ಒಬ್ಬರಿಗರ ಅವರ ಮಾತು ಬರಬೇಕು.”

“ಹೊಳಿ ದಾಟಸ್ಲಾಕ ಎಷ್ಟು ಮಾತು ಬೇಕೋ? ಹತ್ರಿ, ಕುಂದ್ರಿ, ಇಳೀರಿ. ಇಷ್ಟರಾಗೇ ನಿಮ್ಮಪ್ಪ ಬಾಳೇವು ಮಾಡ್ಯಾನ.”

“ಅವನು ಒಂದು ದಿನಾನೂ ಆ ಮಾತು ಅಂದಿದ್ದಿಲ್ಲ. ಆದ್ರೂ ಹೊಳಿ ಬಿಡ್ತೇನು ಅವನಿಗಿ?”

ಆಯಿ ತವೆಯ ಮೇಲಿನ ರೊಟ್ಟಿ ಸುಟ್ಟು ಕರಿದಾಗುವವರೆಗೂ ಅದನ್ನು ತಿರುವಲಿಲ್ಲ. ಅವ್ವ ನಡುವೆ ಬಂದು ರೊಟ್ಟಿ ತೆಗೆದಳು. ಅಪ್ಪ ಎದ್ದು ಹೊರಗೆ ಹೋದ. ಮರುದಿನದಿಂದ ನಾನು ಸಾಲಿಗೆ ಹೋಗಲಿಲ್ಲ. ಆ ಸುಟ್ಟ ರೊಟ್ಟಿಯನ್ನು ಆಯಿ ತಾನೇ ತಿಂದಳು. ಅಪ್ಪ ಮತ್ತು ಆಯಿಯ ನಡುವೆ ಮಾತು ಕಡಿಮೆಯಾಯಿತು. ನೀರು ಏರಿತು, ನೀರು ಇಳಿಯಿತು, ರೊಟ್ಟಿ ಆಗಿದೆ ಎನ್ನುವಷ್ಟೇ.

ಅಂಥ ಹೊತ್ತಿನಲ್ಲೇ ತುಂಬು ಬಸುರಿ ಅವ್ವ ಬಾಣಂತನಕ್ಕೆಂದು ಆಚೆ ದಂಡೆಯ ತವರಿಗೆ ಹೋದಳು. ಅದು ನಿಜಾಮರ ರಾಜ್ಯದ ಕೊನೆಯ ಮಳೆಗಾಲ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಹಾದಿಯಲ್ಲಿ ಮಂದಿ ಗಂಟು ಮೂಟೆ ಕಟ್ಟಿಕೊಂಡು ನಡೆಯುತ್ತಿದ್ದರು, ವಾಡಿಯಲ್ಲಿ ರೈಲು ಹತ್ತಲು ಜಾಗವಿಲ್ಲ ಎನ್ನುತ್ತಿದ್ದರು, ನಮ್ಮ ಪಡಸಾಲೆಯಲ್ಲಿ ಕಾಯುವವರು ಈಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಂದೂಕು ಹಿಡಿದು ಊರೂರು ತಿರುಗುವವರಿದ್ದರು. ಅವರು ಯಾರ ಹುಕುಮಿನಿಂದ ಬರುತ್ತಾರೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ನಮ್ಮ ಮನೆಯಲ್ಲಿ ಅವರಿಗೆ ಬಂದೂಕಿನವರು ಎಂದಷ್ಟೇ ಹೆಸರು. ಯಾರೂ ಹೊಳೆ ದಾಟಿ ತಪ್ಪಿಸಿಕೊಳ್ಳಬಾರದೆಂದು ಅವರು ದಂಡೆಗುಂಟ ಹರಗೋಲುಗಳನ್ನು ಒಡೆಯುತ್ತ ಬರುತ್ತಿದ್ದಾರೆಂದು ಸುದ್ದಿ ಬಂತು. ಕೆಳಗಿನ ಊರಲ್ಲಿ ಚರ್ಮ ಸೀಳಿ, ಬಿದಿರಿಗೆ ಬೆಂಕಿ ಹಚ್ಚಿದ್ದರಂತೆ. ಅದರ ಬೆನ್ನಿಗೇ ಅವ್ವನ ತವರಿನಿಂದ ಒಬ್ಬ ಈಜುಬುರುಡೆ ಕಟ್ಟಿಕೊಂಡು ಬಂದು ಹೇಳಿದ: ಗಂಡುಕೂಸು ಹುಟ್ಟಿದೆ, ಊರು ಖಾಲಿಯಾಗುತ್ತಿದೆ, ನಾಳೆ ಬಾಣಂತಿಯನ್ನು ಆಚೆ ದಂಡೆಗೆ ತಂದು ಬಿಡುತ್ತೇವೆ, ನೀವು ಕರೆದುಕೊಳ್ಳಿ.

ಅದೇ ದಿನ ಮಾಸ್ತರ ಸಾಹೇಬರು ನಮ್ಮ ಅಂಗಳಕ್ಕೆ ಬಂದರು. ಆಯಿ ಮಜ್ಜಿಗೆ ತಂದರೂ ಕೂಡಲಿಲ್ಲ. ನಿಂತೇ ಕುಡಿದು, ಬೇವಿನ ಮರದಡಿಯ ಹರಗೋಲಿನ ಕಡೆ ನೋಡುತ್ತ ಅಪ್ಪನಿಗೆ ಹೇಳಿದರು.

“ಸಾಬಣ್ಣ, ನಾಳಿ ನಿಮ್ಮ ಕಡಿ ಬರ್ತಾರ. ಇದು ಕಣ್ಣಿಗಿ ಬೀಳಬಾರದು. ನಾ ಬಂದಿದ್ದಿಲ್ಲ, ನೀ ನನ್ನ ನೋಡಿದ್ದಿಲ್ಲ.”

ಹರಗೋಲಿನ ಚರ್ಮ ಬಿಸಿಲಿಗೆ ಬಿರಿಯುವಂತಾದಾಗ ಅದನ್ನು ನಿಂತ ನೀರಿಗೆ ಇಳಿಸಿ, ಒಳಗೆ ಕಲ್ಲು ಹೇರಿ, ನೀರಡಿ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ರೀತಿ. ಬೇರೆಯವರಾದರೆ ಅದನ್ನು ಮುಳುಗಿಸುವುದು ಎಂದಾರು. ನಾವು ‘ಮಲಗಿಸುವುದು’ ಎನ್ನುತ್ತಿದ್ದೆವು. ಹಳ್ಳ ಬಂದು ಹೊಳೆಗೆ ಕೂಡುವಲ್ಲಿ, ಜಾಲಿ ಗಿಡಗಳ ಮರೆಯಲ್ಲಿ, ಸೆಳೆತವಿಲ್ಲದ ಮಡುವೊಂದಿತ್ತು. ಬೆಳಕು ಹರಿಯುತ್ತಲೇ ಅಪ್ಪ ಹರಗೋಲನ್ನು ತಲೆಯ ಮೇಲೆ ಡಬ್ಬ ಹೊತ್ತು ಅಲ್ಲಿಗೆ ನಡೆದ. ನಾನು ಕಲ್ಲು ಕೊಟ್ಟೆ. ಕೊನೆಯ ಕಲ್ಲು ಇಟ್ಟಾಗ ಅದು ಅಂಚು ಒಂದಿಷ್ಟು ಅಲುಗಿಸಿ, ಗುಳುಗುಳು ಸದ್ದು ಮಾಡಿ, ನೀರೊಳಗೆ ಹೋಯಿತು. ಅಪ್ಪ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾವು ಮನೆಗೆ ಬಂದಾಗ ಬೇವಿನ ಮರದಡಿ ಹರಗೋಲು ಇಟ್ಟಲ್ಲಿ ಹುಲ್ಲು ಬೆಳ್ಳಗೆ ದುಂಡಗೆ ಕಾಣುತ್ತಿತ್ತು. ಆಯಿ ಅದರ ಮೇಲೆ ಸಗಣಿಯ ಕುಳ್ಳು ಹರವಿದಳು.

ಮಧ್ಯಾಹ್ನಕ್ಕೆ ಅವರು ಬಂದರು. ನಾಲ್ಕೈದು ಮಂದಿ, ಮುಂದೆ ಕುದುರೆಯ ಮೇಲೆ ಅವರ ಮುಖಂಡ, ದಾರಿ ತೋರಲು ಊರ ತಳವಾರ ಮಲ್ಲಪ್ಪ. ಮುಖಂಡನಿಗೆ ಕನ್ನಡ ಬರುತ್ತಿರಲಿಲ್ಲ. ಅವನ ಮಾತನ್ನು ಮಲ್ಲಪ್ಪ ಕನ್ನಡಕ್ಕೂ ನಮ್ಮ ಮಾತನ್ನು ಉರ್ದುವಿಗೂ ಮಾಡಬೇಕಿತ್ತು. ಅವನ ಉರ್ದು ನಮ್ಮ ಹೊಳೆಯ ಹಾಗೆ, ನಡುನಡುವೆ ಬರೀ ಕಲ್ಲು.  ಹರಗೋಲೆಲ್ಲಿ ಎಂದು ಮೊದಲು ಕೇಳಿದ್ದು ಆಯಿಯನ್ನು, ಬಾಗಿಲಲ್ಲಿ ಅಡ್ಡ ಕೂತವಳು ಅವಳೇ ಆದ್ದರಿಂದ. ಹಿಂದಿನ ರಾತ್ರಿಯೆಲ್ಲ ಅಪ್ಪ ಅವಳಿಗೆ ಹೇಳಿಕೊಟ್ಟಿದ್ದ: ಮಹಾಪೂರದಲ್ಲಿ ಹೋಯಿತು ಅನ್ನು, ಇಲ್ಲ ಅನ್ನು, ಏನಾದರೂ ಅನ್ನು. ಆಯಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಬಂದೂಕು ನೋಡಿದ್ದೇ ಅವಳ ಬಾಯಿಯಿಂದ ಬಂದದ್ದು ಮನೆಮಾತು.

“ಮಲಗ್ಯಾದ್ರಿ.”

ಮಲ್ಲಪ್ಪ ಅವಳ ಮುಖ ನೋಡಿದ. ಇನ್ನೊಮ್ಮೆ ಕೇಳಿದ. ಆಯಿ ಇನ್ನೊಮ್ಮೆ ಅದನ್ನೇ ಹೇಳಿದಳು. ಅವನು ತಿರುಗಿ, ತಗ್ಗಿದ ದನಿಯಲ್ಲಿ, ಮಲಗಿದೆಯಂತೆ ಎಂದು ಉರ್ದುವಿನಲ್ಲಿ ಹೇಳಿದ.

“ಸೋ ರಹೀ ಹೈ ಬೋಲ್ತೆ, ಹುಜೂರ್.”

ಕುದುರೆಯ ಮೇಲಿನವನು ಕೆಳಗಿಳಿದ. ಒಬ್ಬ ಮುದುಕಿ ತನ್ನನ್ನು ಹಾಸ್ಯ ಮಾಡುತ್ತಿದ್ದಾಳೆಂದು ಅವನಿಗೆ ಅನಿಸಿರಬೇಕು. ಎಲ್ಲಿ ಮಲಗಿದೆ, ಹಾಸಿಗೆ ಹಾಸಿದ್ದೀರಾ, ತೋರಿಸಿ ಎಂದು ಅಪ್ಪನ ಎದೆಗೆ ಬಂದೂಕಿನ ತುದಿ ಒತ್ತಿದ. ಅಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ಆಯಿ ಮಲಗಿದೆ ಎಂದಾದ ಮೇಲೆ ಮಹಾಪೂರದ ಮಾತು ಇನ್ನು ನಡೆಯುವಂತಿರಲಿಲ್ಲ. ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು. ಅದೊಂದನ್ನು ಹೇಳಿದ್ದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮುಂದೆ ಆಯಿ ಕೂತಿದ್ದಳು, ಬೆನ್ನ ಹಿಂದೆ ಹೊಳೆಯಿತ್ತು, ಆಚೆ ದಂಡೆಗೆ ಆ ದಿನ ಅವ್ವ ಬರುವವಳಿದ್ದಳು. ಅವನ ನಾಲಿಗೆ ಏಳಲಿಲ್ಲ. ಕಚೇರಿಯಲ್ಲಿ ತಾನು ಹೇಗೆ ನಿಲ್ಲುತ್ತೇನೆಂದು ಅಪ್ಪ ಹೇಳಿದ್ದನ್ನು ನಾನು ಆವತ್ತು ಕಣ್ಣಾರೆ ಕಂಡೆ. ನಾನು ಬಾಗಿಲ ಹಿಂದಿನಿಂದ ಆಯಿಯ ಹೆಗಲು ದಾಟಿ ಹೊರಗೆ ಬಂದೆ.

“ಡೂಬ್ ಗಯಾ, ಹುಜೂರ್. ನಾವ್ ಡೂಬ್ ಗಯಾ.”

ನನಗೆ ಆ ಮಾತು ಸೂರ್ಯನ ಜೊತೆಗೆ ಮಾತ್ರ ಗೊತ್ತಿತ್ತು. ಉರ್ದುವಿನಲ್ಲಿ ‘ನಾವ್’, ಅಂದರೆ ದೋಣಿ, ಹೆಣ್ಣು ಎಂಬ ಪಾಠದವರೆಗೆ ನನ್ನನ್ನು ಬಿಟ್ಟಿರಲಿಲ್ಲ. ಅವನು ನನ್ನ ಕಡೆ ತಿರುಗಿದ.

“ಗಯಾ ನಹೀ. ಗಯೀ.”

“ಗಯೀ,” ಎಂದೆ.

ಹಾಗಾದರೆ ಈ ಮುದುಕಿ ಮಲಗಿದೆ ಎಂದು ಯಾಕೆ ಹೇಳುತ್ತಾಳೆ ಎಂದು ಕೇಳಿದ. ನನಗೆ ಬರುತ್ತಿದ್ದ ಅಷ್ಟಿಷ್ಟು ಉರ್ದುವಿನಲ್ಲಿ, ನಮ್ಮ ಮನೆಯಲ್ಲಿ ಆ ಮಾತು ಆಡುವುದಿಲ್ಲ, ಆಡಿದರೆ ಹೊಡೆಯುತ್ತಾರೆ ಎಂದೆ. ಕೆನ್ನೆ ಮುಟ್ಟಿ ತೋರಿಸಿದೆ. ಮಲ್ಲಪ್ಪನಿಗೆ ಆಗ ಧೈರ್ಯ ಬಂತು. ಹೌದು ಹುಜೂರ್, ಇವರು ಸಂಜೆ ಹೊತ್ತಿಗೂ ಹಾಗೆ ಅನ್ನುವುದಿಲ್ಲ, ಊರೆಲ್ಲ ನಗುತ್ತದೆ ಎಂದ. ಮುಖಂಡ ನಗಲಿಲ್ಲ. ಬಂದೂಕು ಕೆಳಗಿಳಿಸಿ ಪಡಸಾಲೆಗೆ ಹೋಗಿ ಮೂಲೆಯ ಹುಟ್ಟುಗಳನ್ನು ನೋಡಿದ. ಒಂದನ್ನು ಕೈಗೆತ್ತಿಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಇನ್ನೊಂದನ್ನು ಮುರಿಯಲು ಹೋದ, ಮುರಿಯಲಿಲ್ಲ, ಬಿಸಾಡಿದ. ಕುದುರೆಯ ಗೊರಸಿನ ಸದ್ದು ಹಾದಿಯ ತಿರುವಿನಲ್ಲಿ ಅಡಗುವವರೆಗೆ ನಮ್ಮಲ್ಲಿ ಯಾರೂ ಅಲುಗಲಿಲ್ಲ.

ಆಯಿ ಎದ್ದಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಅದಕ್ಕಿಂತ ನನಗೆ ಹೆದರಿಕೆಯಾದದ್ದು ಅವಳು ನನ್ನನ್ನು ನೋಡಿದ ರೀತಿ. ನನ್ನ ಬಾಯಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬಂತೆ ಬಾಯಿಯನ್ನೇ ನೋಡಿದಳು. ಅಷ್ಟರಲ್ಲಿ ಆಚೆ ದಂಡೆಯಿಂದ ಕೂಗು ಕೇಳಿತು. ಗಂಡಸಿನ ದನಿಯಲ್ಲ. ಅವ್ವನದು. ಅವಳು ಹೊಳೆಯ ಮೇಲೆ ಕೂಗಿದ್ದನ್ನು ನಾನು ಹಿಂದೆ ಕೇಳಿರಲೇ ಇಲ್ಲ. ಆಯಿ ಅಪ್ಪನ ಕೈ ಹಿಡಿದಳು.

“ಇವತ್ತು ಇಳಿಸಬ್ಯಾಡ, ಸಾಬಣ್ಣ. ಮನಿ ಬಾಗಿಲದಾಗ ಆ ಮಾತು ಬಿದ್ದದ. ನಾಳಿ ಹೊಳಿಗಿ ಉಡಿ ತುಂಬಿ ಇಳಿಸು.”

“ನಾಳಿ ತನಕ ಆಕಿ ಹಸಿ ಮೈಲೆ ಅಲ್ಲಿ ಕುಂದರಬೇಕೇನು? ಅವರು ಆ ದಂಡಿಗಿ ಹೋದ್ರ?”

“ಕೂಸೂ ಅದ ಆಕಿ ಕೂಡ. ಅದಕ್ಕೇ ಅಂತೀನಿ.”

“ಯವ್ವಾ, ಕೂಗ್ಯಾಳ. ಕೂಗಿದ ಮ್ಯಾಲ ಹೋಗಲಿಲ್ಲಂದ್ರ ನಾವು ಎದರ ಅಂಬಿಗರು?”

ಆಯಿ ಅಪ್ಪನ ಕೈ ಬಿಟ್ಟಳು. ಆ ಕಟ್ಟಳೆ ಅವಳೇ ಕಲಿಸಿದ್ದು. ಅಪ್ಪ ಮುರಿಯದೆ ಉಳಿದ ಹುಟ್ಟು ಹಿಡಿದು ಮಡುವಿನ ಕಡೆ ಓಡಿದ. ಆಯಿ ಒಳಗೆ ಹೋಗಿ ಕುಬಸದ ಕಣ, ಅಕ್ಕಿ, ಅರಿಸಿನದ ಕೊಂಬು ತಂದಳು. ನಾಳೆಯ ಉಡಿಯನ್ನು ಅವಳು ಈಗಲೇ ತುಂಬುವವಳಿದ್ದಳು. ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಹೊಳೆಯ ಕಲ್ಲುಮೆಟ್ಟಿಲು ಇಳಿಸಿ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿದಳು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಉಡಿಯ ಅಕ್ಕಿಯನ್ನು ನೀರಿಗೆ ಬಿಟ್ಟು ನನ್ನ ಕಡೆ ತಿರುಗಿದಳು.

“ಮುಕ್ಕಳಿಸು. ಅವನು ಬರೂತನಕ ನಿಲ್ಲಿಸಬ್ಯಾಡ.”

ನಾನು ಬೊಗಸೆ ಬೊಗಸೆ ನೀರು ಬಾಯಿಗೆ ತುಂಬಿಕೊಂಡು ಉಗುಳಿದೆ. ಮಣ್ಣಿನ ರುಚಿ, ಹಲ್ಲಿನ ನಡುವೆ ಮರಳು. ಅಪ್ಪ ಕಲ್ಲು ತೆಗೆದು ಎಬ್ಬಿಸಿದ ಹರಗೋಲು ಜಾಲಿಯ ಮರೆಯಿಂದ ಹೊರಬಂದು ಸೆಳೆತಕ್ಕೆ ಸಿಕ್ಕಾಗ ತಟ್ಟೆಯ ಹಾಗೆ ತಿರುಗಿತು. ಎರಡು ಹುಟ್ಟಿನ ಕೆಲಸ ಒಂದೇ ಹುಟ್ಟಿನಲ್ಲಿ ನಡೆಯಬೇಕಿತ್ತು. ಅಪ್ಪ ಬಹಳ ಕೆಳಗೆ ಹೋಗಿ ದಂಡೆ ಹಿಡಿದು, ಹರಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದು, ಅವ್ವನನ್ನು ಹತ್ತಿಸಿಕೊಂಡ. ಅವಳ ಸೀರೆಯ ಕೆಂಪು ಅಷ್ಟು ದೂರಕ್ಕೆ ಒಂದು ಕುಂಕುಮದ ಬೊಟ್ಟಿನಷ್ಟು ಕಂಡಿತು. ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಅದು ಅವರ ಬೆನ್ನ ಹಿಂದಿದ್ದುದರಿಂದ ಹರಗೋಲು ಒಮ್ಮೆ ಕಾಣುತ್ತಿತ್ತು, ಒಮ್ಮೆ ಬರೀ ಬೆಳಕು. ಒಂದು ಬಾರಿ ಆ ಬೆಳಕಿನೊಳಗೆ ಹೋದದ್ದು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನನ್ನ ರಟ್ಟೆಯ ಮೇಲೆ ಆಯಿಯ ಉಗುರು ನಟ್ಟಿತು. ಆಗ ಅವಳು ಹೊಳೆಯ ಮೇಲಿಂದ ಕಣ್ಣು ತೆಗೆಯದೆ, ಹರಗೋಲಿಗೆ ಬೇಕಾದ ನಾಲ್ಕು ಮಾತಿನಷ್ಟೇ ಉರ್ದು ಬಲ್ಲ ಆ ಹೆಂಗಸು, ನನ್ನನ್ನು ಕೇಳಿದಳು.

“ನೀ ಅಂದಿದ್ದು ಆ ಮಾತು, ಅವರು ಹೊತ್ತಿಗೂ ಅದನೇ ಅಂತಾರೇನು?”

ಬಾಯಿಯ ನೀರು ಉಗುಳಿ ಹೂಂ ಎಂದೆ.

“ದಿನಾ ಅಂತಾರ?”

“ದಿನಾ ಅಂತಾರ, ಆಯಿ.”

ಅವಳು ಹೊತ್ತಿನ ಕಡೆ ಗಲ್ಲ ಎತ್ತಿದಳು.

“ಮತ್ತ ದಿನಾ ಹುಟ್ಟತದಲ್ಲ.”

ಅದು ನನಗೆ ಹೇಳಿದ್ದೋ, ಹೊಳೆಗೆ ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಉಗುರು ಮಾತ್ರ ಸಡಿಲವಾಯಿತು. ಬೆಳಕಿನ ಕೆಳ ಅಂಚಿನಿಂದ ಮೊದಲು ಹುಟ್ಟು ಹೊರಬಂತು, ಆಮೇಲೆ ಅಪ್ಪನ ತಲೆ, ಆಮೇಲೆ ಅವ್ವ, ಎದೆಗೆ ಅವಚಿಕೊಂಡ ಗಂಟಿನಂಥ ಕೂಸು. ಹೊತ್ತು ಆಚೆ ದಂಡಿಗೆ ಹತ್ತಿತು. ಹರಗೋಲು ಈಚೆ ದಂಡಿಗೆ ಹತ್ತಿತು. ಅಪ್ಪ ಹುಟ್ಟನ್ನು ಕೆಳಗೆ ಹಾಕಿ ನೀರಲ್ಲೇ ಕೂತುಬಿಟ್ಟ. ಆಯಿ ಕೂಸನ್ನು ತೆಗೆದುಕೊಂಡು ಅದರ ನೆತ್ತಿಗೆ ಹೊಳೆಯ ನೀರು ಹಚ್ಚಿದಳು. ನಿಲ್ಲಿಸು ಎಂದು ಯಾರೂ ಹೇಳದ್ದರಿಂದ ನಾನು ಬಾಯಿ ತುಂಬ ನೀರು ಇಟ್ಟುಕೊಂಡೇ ನಿಂತಿದ್ದೆ. ಅವ್ವ ನನ್ನ ಗಲ್ಲ ಹಿಡಿದಳು.

“ಯಾಕ ಭೀಮಿ, ಮಾತೇ ಆಡವಲ್ಲಿ?”

ಉತ್ತರ ಕೊಟ್ಟದ್ದು ಆಯಿ, ಕೂಸಿನ ಮುಖದಿಂದ ತಲೆ ಎತ್ತದೆ.

“ಇವತ್ತು ಭಾಳ ಮಾತಾಡ್ಯಾಳ. ನಾಳಿ ಸಾಲ್ಯಾಗ ಮಾತಾಡ್ತಾಳ.”